ಸ್ಥಿರಾಸ್ತಿಗೆ ಅಂಟಿಕೊಂಡ ಚರಾಸ್ತಿ: ಬನಹಟ್ಟಿಯ ಮಗ್ಗದ ನಾಲ್ಕು ಕಾಲುಗಳ ಕುರಿತು

ಅಂಟು ಮತ್ತು ಬಿಡಿಸುವಿಕೆ ಶಾಖೆ, ಜಮಖಂಡಿ
ಕಾರ್ಯವ್ಯಾಪ್ತಿ: ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳು

(ಇಲಾಖೆಯ ನಾಮಫಲಕವನ್ನು ಕಚೇರಿಯ ಕಾಂಕ್ರೀಟ್ ಗೋಡೆಗೆ ತಕ್ಕುದಲ್ಲದ ಅಂಟಿನಿಂದ ಹಚ್ಚಿದ್ದು, ಅದು ಬಿದ್ದು ಒಡೆದಿರುವುದರಿಂದ ಇಲಾಖೆಯ ಹೆಸರು ಸದ್ಯಕ್ಕೆ ಲಭ್ಯವಿರುವುದಿಲ್ಲ.)

ಸಂಖ್ಯೆ: ಅಂಬಿಶಾ/ಜಮ/ಮಗ್ಗ/ಕಾಲು-1 ರಿಂದ 4/2024-25

ಸುತ್ತೋಲೆ

ವಿಷಯ: ಮನೆಯ ಕಾಂಕ್ರೀಟ್ ನೆಲ ಹಾಗೂ ಗೋಡೆಗಳಿಗೆ ಅಂಟು ಆರಿಸುವ, ಹಚ್ಚುವ ಮತ್ತು ಹಚ್ಚಿದ ಮೇಲೆ ಪಶ್ಚಾತ್ತಾಪಪಟ್ಟು ಬಿಡಿಸುವ ಬಗ್ಗೆ.

ಉಲ್ಲೇಖ:
1) ಬನಹಟ್ಟಿಯ ನೇಕಾರರಾದ ಶ್ರೀಮತಿ ಕಸ್ತೂರೆವ್ವ ಅವರ ಮೌಖಿಕ ಅರ್ಜಿ, ಕಚೇರಿಯ ಬಾಗಿಲಲ್ಲಿ ನಿಂತು ಹೇಳಿದ್ದು.
2) ಅದೇ ಅರ್ಜಿ, ಕುಳಿತು ಹೇಳಿದ್ದು.
3) ಕ್ಷೇತ್ರ ನಿರೀಕ್ಷಕಿ ಶ್ರೀಮತಿ ಅನುಸೂಯಾ ಅವರ ಸ್ಥಳ ಪಂಚನಾಮೆ.

ಪೀಠಿಕೆ

ಎರಡು ಟ್ಯೂಬು ಕಲಸಿ ಹಚ್ಚುವ ಗಟ್ಟಿ ಅಂಟು ಎಪ್ಪತ್ತು ರೂಪಾಯಿ. ರಬ್ಬರ್ ಅಂಟು ಅರ್ಧ ಲೀಟರಿನ ಡಬ್ಬಿಗೆ ಇನ್ನೂರ ಮೂವತ್ತು. ಟೈಲ್ಸ್ ಹಚ್ಚುವ ಪುಡಿ ಚೀಲಕ್ಕೆ ನಾಲ್ಕು ನೂರು. ಚಿಟಿಕೆ ಹೊಡೆಯುವಷ್ಟರಲ್ಲಿ ಹಿಡಿಯುವ ಹನಿ ಅಂಟು ಹತ್ತು ರೂಪಾಯಿ, ಅದರಲ್ಲಿ ಒಂಬತ್ತು ರೂಪಾಯಿಯಷ್ಟು ಬೆರಳಿಗೆ ಹತ್ತುತ್ತದೆ. ಇನ್ನು ಬಿಡಿಸುವ ಬಾಬತ್ತು: ಥಿನ್ನರ್ ಲೀಟರಿಗೆ ನೂರೈವತ್ತು, ಹೆರೆಯುವ ಪಟ್ಟಿ ಅರವತ್ತು, ಉರಿಯುವ ಕಣ್ಣಿಗೆ ಹಾಕುವ ಔಷಧ ಬೇರೆ. ಹಚ್ಚುವುದಕ್ಕಿಂತ ಬಿಡಿಸುವುದು ತುಟ್ಟಿ ಎಂಬುದನ್ನು ಲೆಕ್ಕಪತ್ರ ವಿಭಾಗವು ಒಪ್ಪಿರುತ್ತದೆ. ನಿಂತ ಮಗ್ಗದ ಖರ್ಚು ಹಾಕಲು ಮಾತ್ರ ನಮೂನೆಯಲ್ಲಿ ಕಾಲಂ ಇರುವುದಿಲ್ಲ.

ಪ್ರಕರಣದ ಹಿನ್ನೆಲೆ

ಕಸ್ತೂರೆವ್ವ ಅವರ ಪತಿ ಶಿದ್ರಾಮಪ್ಪ (ಈಗ ದಿವಂಗತ) ತಮ್ಮ ಮನೆಯ ಪಡಸಾಲೆಯಲ್ಲಿ ಒಂದು ವಿದ್ಯುತ್ ಮಗ್ಗ ಹಾಕಿದ್ದರು. ಮಗ್ಗವು ಚಾಲೂ ಆದಾಗಲೆಲ್ಲ ನಡುಗುತ್ತ ನಡುಗುತ್ತ ಬಾಗಿಲ ಕಡೆಗೆ ಸರಿಯುತ್ತಿತ್ತು. ನಿಲ್ಲಿಸಲು ಬೋಲ್ಟು ಹಾಕಬೇಕು, ಬೋಲ್ಟಿಗೆ ನೆಲ ಕೊರೆಯಬೇಕು. ಆಗಷ್ಟೇ ಹಾಕಿಸಿದ ಕಾಂಕ್ರೀಟ್ ನೆಲ ಕೊರೆಯಲು ಶಿದ್ರಾಮಪ್ಪನವರಿಗೆ ಮನಸ್ಸಾಗಲಿಲ್ಲ. ಮಗ್ಗದ ಪ್ರತಿ ಕಾಲಿನ ಕೆಳಗೆ ದಪ್ಪ ಉಣ್ಣೆಯ ನಮದಾ ತುಂಡು ಇಟ್ಟು ಅಂಟಿಸುವುದೆಂದು ತೀರ್ಮಾನಿಸಿ, ಯಾವ ಅಂಟು ಒಳ್ಳೆಯದೆಂದು ಓಣಿಯ ನಾಲ್ಕು ಮಂದಿಯನ್ನು ಕೇಳಿದರು. ನಾಲ್ವರು ನಾಲ್ಕು ಹೇಳಿದರು. ಕೇಳಿದ ಮೇಲೆ ಯಾರ ಮಾತನ್ನೂ ತೆಗೆದುಹಾಕಬಾರದು ಎಂಬ ಓಣಿಯ ಪದ್ಧತಿಯಂತೆ, ಶಿದ್ರಾಮಪ್ಪನವರು ಕಾಲಿಗೊಂದರಂತೆ ನಾಲ್ಕನ್ನೂ ಹಚ್ಚಿದರು.

ಒಂದನೇ ಕಾಲಿಗೆ ಮಹಾಲಿಂಗಪುರದ ಬೆಲ್ಲ ಹಾಕಿ ಅರೆದ ಸುಣ್ಣದ ಗಾರೆ, ಹಳೇ ವಾಡೆ ಕಟ್ಟಿದವರ ರೀತಿ. ಎರಡನೇ ಕಾಲಿಗೆ ನೂಲು ಗಟ್ಟಿಯಾಗಲು ಸವರುವ ಹುಣಸೆಬೀಜದ ಗಂಜಿ. ಮೂರನೇ ಕಾಲಿಗೆ ಚಪ್ಪಲಿ ಮಾಡುವವರ ರಬ್ಬರ್ ಅಂಟು. ನಾಲ್ಕನೇ ಕಾಲಿಗೆ ಎರಡು ಟ್ಯೂಬಿನ ಗಟ್ಟಿ ಅಂಟು. ಅಂದಿನಿಂದ ಮಗ್ಗ ಕದಲಲಿಲ್ಲ. ಯಾವ ಕಾಲಿನ ಪುಣ್ಯದಿಂದ ನಿಂತಿತು ಎಂಬುದು ಇತ್ಯರ್ಥವಾಗಿಲ್ಲ. ತಮ್ಮ ಅಂಟೇ ಹಿಡಿದಿದ್ದು ಎಂದು ನಾಲ್ವರೂ ಈಗಲೂ ಹೇಳುತ್ತಿದ್ದಾರೆ.

ಕಳೆದ ದೀಪಾವಳಿಯ ನಂತರ ಶಿದ್ರಾಮಪ್ಪನವರ ಮಕ್ಕಳಾದ ಗೌರೀಶ (ಹಿರಿಯವ) ಮತ್ತು ಶಿವಯೋಗಿ (ಕಿರಿಯವ) ಇವರ ನಡುವೆ ವಾಟ್ನಿ, ಅಂದರೆ ಆಸ್ತಿಯ ಪಾಲು, ಆಯಿತು. ಹಿರಿಯರು ಕೂಡಿ ಮೊದಲು ಸ್ಥಿರಾಸ್ತಿ, ಆಮೇಲೆ ಚರಾಸ್ತಿ ಹಂಚಿದರು. ಮನೆ ಗೌರೀಶನಿಗೆ, ಮಗ್ಗ ಶಿವಯೋಗಿಗೆ. ಎಲ್ಲರೂ ಚಹಾ ಕುಡಿದು ಎದ್ದರು. ಮಗ್ಗ ಏಳಲಿಲ್ಲ.

ಪಡಸಾಲೆಯಲ್ಲಿ ಹಿಟ್ಟಿನ ಗಿರಣಿ ಹಾಕುವ ಉದ್ದೇಶವಿರುವ ಗೌರೀಶನು ಮಗ್ಗದ ಫ್ಯೂಜು ಕಿತ್ತು ಕಿಸೆಯಲ್ಲಿ ಇಟ್ಟುಕೊಂಡಿದ್ದಾನೆ. ನೆಲ ಒಡೆಯಬಾರದು ಎಂಬುದು ಅವನ ತಕರಾರು. ಮಗ್ಗದ ಕಾಲು ಕತ್ತರಿಸಬಾರದು ಎಂಬುದು ಶಿವಯೋಗಿಯ ತಕರಾರು. ಮಗ್ಗದ ಮೇಲೆ ಅರ್ಧ ನೇಯ್ದ ಹಸಿರು ಸೀರೆಯೊಂದಿದ್ದು, ಅದು ನೇಯುತ್ತಿದ್ದ ಕಸ್ತೂರೆವ್ವನ ತಕರಾರು.

ಮೇಲ್ಕಂಡ ಪರಿಸ್ಥಿತಿ ಇತರ ಮನೆಗಳಲ್ಲಿ ಉಂಟಾಗದಂತೆ ತಡೆಯಲು ಮತ್ತು ಈ ಮನೆಯಲ್ಲಿ ಉಂಟಾದದ್ದನ್ನು ಬಿಡಿಸಲು ಕೆಳಗಿನಂತೆ ಆದೇಶಿಸಿದೆ.

ಭಾಗ ಒಂದು: ಹಚ್ಚುವ ಮುನ್ನ

1. ಅಂಟು ಹಚ್ಚಬೇಕಾದ ಕಾಂಕ್ರೀಟಿನ ಮೇಲೆ ಒಂದು ಹನಿ ನೀರು ಬಿಡತಕ್ಕದ್ದು. ನೆಲವು ಹನಿಯನ್ನು ಕುಡಿದರೆ ಅಂಟನ್ನೂ ಕುಡಿಯುತ್ತದೆ, ಹಚ್ಚಬಹುದು. ಹನಿಯು ಮುತ್ತಿನಂತೆ ನಿಂತರೆ ಅಲ್ಲಿ ಎಣ್ಣೆಯೋ ಪಾಲಿಶೋ ಇದೆ ಎಂದು ತಿಳಿದು, ಸೋಡಾ ಬೆರೆಸಿದ ಬಿಸಿನೀರಿನಿಂದ ತಿಕ್ಕತಕ್ಕದ್ದು. ಮಗ್ಗದ ಎಣ್ಣೆ ಕುಡಿದ ನೆಲವನ್ನು ಒಂದು ಸಲ ತಿಕ್ಕಿದರೆ ಸಾಲದು.

2. ಬೀಳಗಿ ಕಡೆಯ ಹೊಸ ಮನೆಗಳಲ್ಲಿ ಕಾಂಕ್ರೀಟ್ ಹಾಕಿ ಒಂದು ತಿಂಗಳಾದರೂ ಆಗದ ಹೊರತು ಯಾವುದನ್ನೂ ಅಂಟಿಸತಕ್ಕದ್ದಲ್ಲ. ಗೃಹಪ್ರವೇಶದ ಮುಹೂರ್ತ ಬಂದಿದೆ ಎಂಬ ಕಾರಣವನ್ನು ಕಾಂಕ್ರೀಟ್ ಒಪ್ಪುವುದಿಲ್ಲ.

3. ಜಮಖಂಡಿಯ ಬಾಡಿಗೆ ಮನೆಗಳಲ್ಲಿ ಮೊಳೆ ಹೊಡೆಯಬಾರದೆಂಬ ಷರತ್ತಿನ ಕಾರಣ ಬಾಡಿಗೆದಾರರು ಗೋಡೆಗೆ ಕೊಕ್ಕೆ ಅಂಟಿಸುತ್ತಿರುವುದು ಗಮನಕ್ಕೆ ಬಂದಿದೆ. ಅಂಥ ಕೊಕ್ಕೆ ಹಿಡಿಯುವುದು ಬಣ್ಣವನ್ನು, ಗೋಡೆಯನ್ನಲ್ಲ. ಬಣ್ಣ ಕೆರೆದು, ಧೂಳು ಒರೆಸಿ, ಕಾಂಕ್ರೀಟ್ ಕಂಡ ಮೇಲೆಯೇ ಹಚ್ಚತಕ್ಕದ್ದು. ಬಣ್ಣ ಕೆರೆಯಲು ಮಾಲೀಕರು ಒಪ್ಪದಿದ್ದಲ್ಲಿ ಅಂಗಿಯನ್ನು ಕುರ್ಚಿಯ ಮೇಲೆ ಹಾಕತಕ್ಕದ್ದು.

4. ಹತ್ತು ರೂಪಾಯಿಯ ಹನಿ ಅಂಟನ್ನು ಕಾಂಕ್ರೀಟಿಗೆ ಬಳಸುವುದನ್ನು ನಿಷೇಧಿಸಲಾಗಿದೆ. ಅದು ಹಿಡಿಯುವ ಮೊದಲೇ ನೆಲದೊಳಗೆ ಇಳಿದುಹೋಗುತ್ತದೆ. ಉಳಿದ ಪ್ರಮಾಣವನ್ನು ಚಪ್ಪಲಿಗೆ ಬಳಸಬಹುದು. ಚಪ್ಪಲಿಯನ್ನು ಕಾಲಿನಿಂದ ತೆಗೆದ ನಂತರ ಬಳಸತಕ್ಕದ್ದು.

5. ರಬ್ಬರ್ ಅಂಟನ್ನು ಎರಡೂ ಕಡೆ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಕೂಡಿಸತಕ್ಕದ್ದು. ಹಸಿ ಇರುವಾಗಲೇ ಒತ್ತಿ ಹಿಡಿದು ಕೂರುವವರು ಎಷ್ಟು ಹೊತ್ತು ಕೂತರೂ ಭತ್ಯೆಗೆ ಅರ್ಹರಲ್ಲ.

6. ಮುಧೋಳ ತಾಲೂಕಿನಲ್ಲಿ ಬೆಲ್ಲದ ಗಾರೆಯ ಬಳಕೆಗೆ ಪೂರ್ವಾನುಮತಿ ಕಡ್ಡಾಯ. ಅಲ್ಲಿನ ಒಂದು ಮನೆಯಲ್ಲಿ ಗಾರೆ ಆರುವ ಮುನ್ನ ನಾಯಿಯು ಹೊಸ್ತಿಲನ್ನು ಪೂರ್ತಿ ನೆಕ್ಕಿ ಬಿಡಿಸಿರುತ್ತದೆ. ನಾಯಿಯ ಹೇಳಿಕೆ ಪಡೆಯಲು ಪ್ರಯತ್ನಿಸಲಾಯಿತು. ಆ ಊರಿನ ನಾಯಿಯ ಓಟಕ್ಕೆ ಶಾಖೆಯ ವಾಹನ ಸಾಲಲಿಲ್ಲ.

7. ಈ ಕಲಂ ಅನ್ನು ರದ್ದುಪಡಿಸಿ ಅದರ ಮೇಲೆ ಬೇರೆ ಚೀಟಿ ಅಂಟಿಸಲಾಗಿತ್ತು. ಚೀಟಿಯು ಉದುರಿರುವುದರಿಂದ ಹಳೆಯ ಕಲಂ ಪುನಃ ಜಾರಿಗೆ ಬಂದಿದೆ. ಅದರಲ್ಲಿ ಏನಿತ್ತೆಂಬುದು ಚೀಟಿಯ ಜೊತೆಗೆ ಕಿತ್ತುಬಂದಿದೆ.

8. ಸಲಹೆ ಕೇಳುವವರು ಇನ್ನು ಮುಂದೆ ಒಬ್ಬರನ್ನೇ ಕೇಳತಕ್ಕದ್ದು. ನಾಲ್ವರನ್ನು ಕೇಳಿದ್ದಲ್ಲಿ ಮೂವರ ಮನಸ್ಸು ನೋಯಿಸುವ ಹೊಣೆಯನ್ನು ಕೇಳಿದವರೇ ಹೊರತಕ್ಕದ್ದು.

ಭಾಗ ಎರಡು: ಬಿಡಿಸುವಿಕೆ

9. ಬಿಡಿಸುವ ಮೊದಲು ಏನು ಹಚ್ಚಿದೆ ಎಂದು ತಿಳಿಯತಕ್ಕದ್ದು. ನೀರಿನಿಂದ ಹುಟ್ಟಿದ ಅಂಟು ಬಿಸಿನೀರಿಗೆ ಬಿಡುತ್ತದೆ. ಎಣ್ಣೆಯ ಜಾತಿಯದು ಥಿನ್ನರಿಗೆ ಬಿಡುತ್ತದೆ. ಕಲಸಿ ಗಟ್ಟಿಯಾದದ್ದು ಯಾವುದಕ್ಕೂ ಬಿಡುವುದಿಲ್ಲ, ಅದರ ಜೊತೆ ಉಪಾಯದಿಂದ ನಡೆದುಕೊಳ್ಳಬೇಕು. ಬಚ್ಚಲು ತೊಳೆಯುವ ಆ್ಯಸಿಡ್ ಯಾರೂ ಸುರಿಯತಕ್ಕದ್ದಲ್ಲ. ಅದು ಅಂಟನ್ನು ಬಿಟ್ಟು ಕಾಂಕ್ರೀಟನ್ನು ತಿನ್ನುತ್ತದೆ.

10. ಬನಹಟ್ಟಿಯ ಪ್ರಕರಣದಲ್ಲಿ, ಅಂಟು ಯಾರ ಆಸ್ತಿ ಎಂಬ ಪ್ರಶ್ನೆ ಉದ್ಭವಿಸಿತು. ಅದು ನೆಲವನ್ನು ಹಿಡಿದಿರುವುದರಿಂದ ಸ್ಥಿರವೆಂದು ಶಿವಯೋಗಿಯೂ, ಮಗ್ಗವನ್ನು ಹಿಡಿದಿರುವುದರಿಂದ ಚರವೆಂದು ಗೌರೀಶನೂ ವಾದಿಸಿರುತ್ತಾರೆ. ಅಂಟು ತಮ್ಮದಲ್ಲವೆಂದು ಇಬ್ಬರೂ ಹೇಳುತ್ತಿರುವ ಕಾರಣ, ಬಿಡಿಸುವ ಖರ್ಚು ಯಾರದು ಎಂಬುದನ್ನು ತಿಳಿಯಲು ಸ್ಥಳ ಪಂಚನಾಮೆಗೆ ಆದೇಶಿಸಲಾಯಿತು. ನಿರೀಕ್ಷಕಿ ಅನುಸೂಯಾ ಅವರು ಹೋದಾಗ ಅಣ್ಣತಮ್ಮಂದಿರು ಮಗ್ಗದ ಈ ಕಡೆ ಒಬ್ಬ, ಆ ಕಡೆ ಒಬ್ಬ ನಿಂತಿದ್ದು, ಒಬ್ಬರೊಡನೊಬ್ಬರು ಮಾತು ಬಿಟ್ಟಿರುವುದರಿಂದ ನಿರೀಕ್ಷಕಿಯವರ ಮೂಲಕ ಮಾತಾಡಿರುತ್ತಾರೆ. ಅವರ ಹೇಳಿಕೆಗಳನ್ನು ಆಡಿದಂತೆಯೇ ಬರೆದುಕೊಳ್ಳಲಾಗಿದೆ:

ಗೌರೀಶ: "ಅಕ್ಕಾರ, ಅವಂಗ ಹೇಳ್ರಿ. ನೆಲಾ ನಂದು. ಮಗ್ಗಾ ತನ್ನದಿದ್ರ ತಗೊಂಡ ಹೋಗಲಿ."

ಶಿವಯೋಗಿ: "ಒಯ್ಯಾಕ ತಯಾರ ಅದೇನಿ ಅಂತ ಹೇಳ್ರಿ. ಅವನ ನೆಲಕ್ಕ ಮೊದಲ ನನ್ನ ಮಗ್ಗದ ಕಾಲ ಬಿಡು ಅಂತ ಹೇಳಲಿ."

ಗೌರೀಶ: "ನೆಲಾ ಹೇಳಿದ್ದ ಕೇಳ್ತೈತೇನ್ರಿ?"

ಶಿವಯೋಗಿ: "ಅವನೂ ಕೇಳೂದಿಲ್ರಿ. ಅವಂದ ಅಲ್ಲೇನ್ರಿ ನೆಲಾ, ಅದಕ್ಕ."

ನಿರೀಕ್ಷಕಿ: "ಇಬ್ಬರೂ ಎದರಾ ಬದರಾ ನಿಂತೀರಿ. ಕಿವಿ ಕೇಳಸ್ತಾವಿಲ್ಲೋ? ನಾ ಯಾಕ್ರಿ ನಡುವ?"

ಗೌರೀಶ: "ಕೇಳಸ್ತಾವ್ರಿ. ಆದ್ರ ನಾವು ಮಾತಾಡೂದಿಲ್ಲ."

ಕಸ್ತೂರೆವ್ವ (ಮಗ್ಗದ ಮುಂದೆ ಕುಳಿತು, ಕೇಳದಿದ್ದರೂ ಹೇಳಿದ್ದು): "ಒಬ್ಬ ನೆಲಾ ಅಂತಾನ, ಒಬ್ಬ ಮಗ್ಗಾ ಅಂತಾನ. ನಡುವ ಸೀರಿ ಐತಿ, ಅದು ಯಾರದಂತ ಒಬ್ಬನರ ಕೇಳ್ಯಾನೇನವಾ? ಅಕ್ಷತಾಂದ ಕುಬಸದ್ದು ಅದು. ಇವನ ಮಗಳದು. ಫ್ಯೂಜ್ ಕಿಸೇದಾಗ ಇಟ್ಕೊಂಡ ಅಡ್ಡ್ಯಾಡತಾನಲ್ಲ, ಇವನ ಮಗಳದು."

ಗರ್ಭಿಣಿಗೆ ಹಸಿರು ಸೀರೆ ಉಡಿಸಿ ಮಾಡುವ ಕುಬಸದ ದಿನ ಹತ್ತಿರ ಬಂದಿದ್ದು, ಗಂಡನ ಮನೆಯಿಂದ ಅಕ್ಷತಾ ಬರುವಷ್ಟರಲ್ಲಿ ಸೀರೆ ಮುಗಿಯಬೇಕಾಗಿದೆ ಎಂದು ಪಂಚನಾಮೆಯಲ್ಲಿ ನಮೂದಾಗಿದೆ. ಸೀರೆ ತನ್ನ ಮಗಳದೆಂದು ಗೌರೀಶನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ ಎಂಬುದೂ ನಮೂದಾಗಿದೆ.

ಗೌರೀಶ (ತಾಯಿಯ ಕಡೆ ತಿರುಗಿ): "ಯವ್ವಾ, ಹೇಳಬೇಕಿಲ್ಲೋ?"

ಕಸ್ತೂರೆವ್ವ: "ಹೇಳಿದ್ರ ಫ್ಯೂಜ್ ಹಾಕ್ತಿದ್ದೇನು?"

ಗೌರೀಶ: "ಹಾಕಾಕ ಬರೂದಿಲ್ಲಬೇ. ಇವತ್ತ ಕರೆಂಟ್ ಕೊಟ್ರ ನಾಳಿ ಇಲ್ಲಿ ತನ್ನ ವಹಿವಾಟ ಐತಿ ಅಂತ ಇವ ಕೋರ್ಟಿಗಿ ಹೋಕ್ಕಾನ."

ಶಿವಯೋಗಿ: "ಹೌದ್ರಿ ಅಕ್ಕಾರ, ಹೋಕ್ಕೇನಿ. ಅದ ಖರೆ ಐತಿ."

ಹೀಗೆ ಒಂದು ವಿಷಯದಲ್ಲಿ ಸಹೋದರರಲ್ಲಿ ಒಮ್ಮತ ಕಂಡುಬಂದಿದ್ದರಿಂದ, ಮಗ್ಗ ಬಿಡಿಸುವುದೊಂದೇ ದಾರಿ ಎಂದು ಶಾಖೆಯು ತೀರ್ಮಾನಿಸಿತು.

11. ಮಗ್ಗದ ಭಾರವು ಅಂಟಿನ ಮೇಲೆ ಕೂತಿರುವಷ್ಟು ಹೊತ್ತು ಯಾವ ಅಂಟೂ ಬಿಡುವುದಿಲ್ಲ. ಆದ್ದರಿಂದ ಕಬ್ಬಿನ ಟ್ರ್ಯಾಕ್ಟರಿನ ಜ್ಯಾಕ್ ತಂದು ಪ್ರತಿ ಕಾಲಿನ ಭಾರವನ್ನು ಹಗುರ ಮಾಡತಕ್ಕದ್ದು. ಎತ್ತಬಾರದು, ಹಗುರ ಮಾಡಬೇಕು. ಹೆಚ್ಚು ಎತ್ತಿದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನ ನೂಲು ಸಡಿಲಾಗಿ ಸೀರೆ ಕೆಡುತ್ತದೆ. ಜ್ಯಾಕು ಕಬ್ಬಿನ ಹಂಗಾಮಿನಲ್ಲಿ ಸಿಗುವುದು ದುರ್ಲಭವಾದ್ದರಿಂದ ಸಿಕ್ಕ ದಿನವೇ ನಾಲ್ಕೂ ಕಾಲು ಬಿಡಿಸತಕ್ಕದ್ದು.

12. ಒಂದನೇ ಕಾಲು (ಬೆಲ್ಲದ ಗಾರೆ): ಸ್ಥಳ ಪರಿಶೀಲಿಸಲಾಗಿ, ಈ ಗಾರೆಯನ್ನು ಇರುವೆಗಳು ಹಲವು ವರ್ಷಗಳಿಂದ ಹಂತಹಂತವಾಗಿ ಸಾಗಿಸಿದ್ದು, ಕಾಲಿನ ಕೆಳಗೆ ಬರೀ ಸುಣ್ಣದ ಪುಡಿ ಉಳಿದಿರುತ್ತದೆ. ಈ ಕಾಲು ಯಾವತ್ತೋ ಬಿಟ್ಟಿದ್ದು, ಉಳಿದ ಕಾಲುಗಳ ಆಸರೆಯಿಂದ ಅಂಟಿದಂತೆ ನಿಂತಿತ್ತು. ಇರುವೆಗಳಿಗೆ ಬಿಡಿಸುವ ಕೂಲಿ ಪಾವತಿಯಾಗಿದೆ ಎಂದು ಪರಿಗಣಿಸಲಾಗಿದೆ.

13. ಎರಡನೇ ಕಾಲು (ಹುಣಸೆಬೀಜದ ಗಂಜಿ): ಕುದಿಯುವ ನೀರಿನಲ್ಲಿ ಅದ್ದಿದ ಗೋಣಿಚೀಲವನ್ನು ಕಾಲಿನ ಸುತ್ತ ಸುತ್ತಿ, ಆರಿದಂತೆಲ್ಲ ಬದಲಾಯಿಸತಕ್ಕದ್ದು. ನೀರು ಕಾಯಿಸುವ ಒಲೆಯು ಗೌರೀಶನ ಪಾಲಿನದು, ನೀರು ಹೊರುವ ಕೊಡವು ಶಿವಯೋಗಿಯ ಪಾಲಿನದು. ಎರಡನ್ನೂ ಈ ಕೆಲಸಕ್ಕೆ ಮಾತ್ರ ಒಂದೇ ಮನೆಯವೆಂದು ತಾತ್ಕಾಲಿಕವಾಗಿ ಘೋಷಿಸಲಾಯಿತು. ನೆಂದ ಗಂಜಿಯು ಹೆರೆಯುವ ಪಟ್ಟಿಗೆ ಸುಲಭವಾಗಿ ಬಂದಿರುತ್ತದೆ. ವಾಸನೆಯ ಬಗ್ಗೆ ಬಂದ ದೂರುಗಳನ್ನು ಕಿಟಕಿ ತೆರೆದು ವಿಲೇವಾರಿ ಮಾಡಲಾಯಿತು.

14. ಮೂರನೇ ಕಾಲು (ರಬ್ಬರ್ ಅಂಟು): ಮೊದಲು ಎಷ್ಟು ಬರುತ್ತದೋ ಅಷ್ಟನ್ನು ಒಣದಾಗಿಯೇ ಹೆರೆಯತಕ್ಕದ್ದು. ಉಳಿದದ್ದಕ್ಕೆ ಮಾತ್ರ ಥಿನ್ನರಿನಲ್ಲಿ ಅದ್ದಿದ ಅರಿವೆ ಇಡತಕ್ಕದ್ದು. ಥಿನ್ನರ್ ಡಬ್ಬಿ ತೆರೆಯುವ ಮುನ್ನ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆದಿಟ್ಟು, ಬೀಡಿ ಸೇದುವವರನ್ನು ಓಣಿಯ ಆಚೆ ತುದಿಗೆ ಕಳುಹಿಸತಕ್ಕದ್ದು. ಸಲಹೆ ಕೊಟ್ಟಿದ್ದ ನಾಲ್ವರಲ್ಲಿ ಮೂವರು ಬೀಡಿ ಸೇದುವವರಾಗಿದ್ದರಿಂದ ಈ ಹಂತದಲ್ಲಿ ಕೆಲಸವು ಗಮನಾರ್ಹವಾಗಿ ವೇಗ ಪಡೆದಿರುತ್ತದೆ.

15. ನಾಲ್ಕನೇ ಕಾಲು (ಎರಡು ಟ್ಯೂಬಿನ ಗಟ್ಟಿ ಅಂಟು): ನೀರು, ಥಿನ್ನರ್, ಬೈಗುಳ ಯಾವುದಕ್ಕೂ ಬಗ್ಗಲಿಲ್ಲ. ಕಾಸಿದರೆ ಮೆತ್ತಗಾಗುತ್ತದೆ ನಿಜ. ಆದರೆ ಈಗತಾನೆ ಥಿನ್ನರ್ ಬಳಸಿದ ಕೋಣೆಯಲ್ಲಿ, ನೂಲಿನ ಹಾಸಿನ ಕೆಳಗೆ, ಬೆಂಕಿ ಹಿಡಿಯಲು ಶಾಖೆಯು ಅನುಮತಿ ನೀಡಲಿಲ್ಲ. ಇಂಥಲ್ಲಿ ಅಂಟನ್ನು ಬಿಡಿಸುವ ಹಟ ಬಿಟ್ಟು, ಅಂಟು ಹಿಡಿದುಕೊಂಡಿರುವ ಮೆತ್ತನೆಯ ವಸ್ತುವನ್ನು ಕೊಯ್ಯತಕ್ಕದ್ದು. ಈ ಪ್ರಕರಣದಲ್ಲಿ ಅದು ನಮದಾ. ತೆಳ್ಳಗಿನ ಉಕ್ಕಿನ ತಂತಿಯನ್ನು ನಮದಾದ ನಡುಮಟ್ಟಕ್ಕೆ ಇಟ್ಟು, ಎರಡು ತುದಿಗೆ ಎರಡು ಕಟ್ಟಿಗೆಯ ತುಂಡು ಕಟ್ಟಿ, ಗರಗಸದಂತೆ ಎಳೆಯತಕ್ಕದ್ದು.

(ಅ) ತಂತಿಗೆ ಎರಡು ತುದಿಗಳಿರುವುದರಿಂದ ಇಬ್ಬರು ಬೇಕಾಗುತ್ತಾರೆ.

(ಆ) ನಾಳೆ ನೆಲ ಕೆಟ್ಟಿತು ಎಂದು ಒಬ್ಬರು, ಕಾಲು ಕೆಟ್ಟಿತು ಎಂದು ಇನ್ನೊಬ್ಬರು ದೂರು ಕೊಡುವುದನ್ನು ತಪ್ಪಿಸಲು, ಒಂದು ತುದಿಯನ್ನು ನೆಲದ ಮಾಲೀಕನೂ ಇನ್ನೊಂದು ತುದಿಯನ್ನು ಮಗ್ಗದ ಮಾಲೀಕನೂ ಸ್ವತಃ ಹಿಡಿಯತಕ್ಕದ್ದು. ಬದಲಿ ವ್ಯಕ್ತಿಗಳನ್ನು ಒಪ್ಪಲಾಗುವುದಿಲ್ಲ.

(ಇ) ಒಬ್ಬ ಎಳೆದಾಗ ಇನ್ನೊಬ್ಬ ಬಿಡತಕ್ಕದ್ದು. ಇಬ್ಬರೂ ಒಮ್ಮೆಲೇ ಎಳೆದರೆ ತಂತಿ ಹರಿಯುತ್ತದೆ. ಮೊದಲನೇ ತಂತಿ ಹೀಗೆಯೇ ಹರಿಯಿತು. ಎರಡನೆಯದೂ ಹೀಗೆಯೇ ಹರಿಯಿತು.

(ಈ) ಮೂರನೇ ತಂತಿ ಕೊಡುವ ಮುನ್ನ, ಕೊಯ್ಯುವ ಕೆಲಸಕ್ಕೆ ಅಗತ್ಯವಿರುವಷ್ಟು ಮಾತನ್ನು ಸಹೋದರರು ಪರಸ್ಪರ ಆಡಬಹುದೆಂದೂ, ಅಂಥ ಮಾತನ್ನು ರಾಜಿ ಎಂದಾಗಲೀ ವಹಿವಾಟು ಎಂದಾಗಲೀ ಯಾವುದೇ ನ್ಯಾಯಾಲಯದಲ್ಲಿ ಪರಿಗಣಿಸತಕ್ಕದ್ದಲ್ಲವೆಂದೂ ನಿರೀಕ್ಷಕಿಯವರು ಲಿಖಿತವಾಗಿ ಕೊಟ್ಟರು. ಇಬ್ಬರೂ ಅದನ್ನು ಓದಿ, ಮಡಚಿ ಇಟ್ಟುಕೊಂಡು, ತಂತಿ ಹಿಡಿದರು. ಆಡಿದ ಮಾತುಗಳು:

"ಎಳಿ."
"ಎಳದೆ. ಬಿಡು."
"ಬಿಟ್ಟೇನಿ. ಸಾವಕಾಶ ಎಳಿ, ಹಾಸ ಅಳ್ಳಾಡತೈತಿ."
"ಗೊತ್ತೈತಿ ಲೇ. ನನ್ನ ಮಗಳ ಸೀರಿ."
"ನಂಗೂ ಮಗಳ ಆಗಬೇಕಲೇ ಅಕಿ. ಎಳಿ."

ಕೊನೆಯ ಎರಡು ವಾಕ್ಯಗಳು ಕೊಯ್ಯುವ ಕೆಲಸಕ್ಕೆ ಅಗತ್ಯವಿದ್ದವೇ ಎಂಬ ಬಗ್ಗೆ ಮೇಲಧಿಕಾರಿಗಳ ಅಭಿಪ್ರಾಯ ಕೋರಲಾಗಿದೆ.

16. ನಮದಾ ಎರಡಾಗಿ ಸೀಳಿ ಸಂಜೆಯ ಹೊತ್ತಿಗೆ ನಾಲ್ಕನೇ ಕಾಲು ಬಿಟ್ಟಿತು. ಮಗ್ಗವನ್ನು ಹಾಸಿನ ಸಮೇತ ಕಬ್ಬಿಣದ ಪೈಪುಗಳ ಮೇಲೆ ಉರುಳಿಸಿ, ರಸ್ತೆಯ ಆಚೆ ಇರುವ ಶಿವಯೋಗಿಯ ಬಾಡಿಗೆ ಕೋಣೆಗೆ ಒಯ್ಯಲಾಯಿತು. ಓಣಿಯವರೆಲ್ಲ ಕೈ ಹಚ್ಚಿದರು. ಕಸ್ತೂರೆವ್ವ ಅವರು ಸೀರೆಯ ಅಂಚು ಹಿಡಿದುಕೊಂಡು ಜೊತೆಗೆ ನಡೆದರು. ಹಾಸಿನಲ್ಲಿ ಕೆಲವು ಎಳೆಗಳು ಹರಿದಿದ್ದು, ಅವರೇ ಕೂಡಿಸಿಕೊಂಡಿರುತ್ತಾರೆ. ಹೊಸ ಜಾಗದಲ್ಲಿ ಮಗ್ಗವನ್ನು ಬೋಲ್ಟಿನಿಂದ ಕೂರಿಸಲಾಗಿದೆ.

17. ಈ ನಡುವೆ ಗೌರೀಶನು ತನ್ನ ಹಿಟ್ಟಿನ ಗಿರಣಿಯನ್ನು ನೆಲಕ್ಕೆ ಹಿಡಿಸಲು ಯಾವ ಅಂಟು ಉತ್ತಮವೆಂದು ಶಾಖೆಯನ್ನು ಲಿಖಿತವಾಗಿ ಕೇಳಿರುತ್ತಾನೆ. ನಡುಗುವ ಯಂತ್ರವನ್ನು, ಮುಂದೆ ಎಂದಾದರೂ ಪಾಲಾಗಬಹುದಾದ ಮನೆಯಲ್ಲಿ, ತಿರುಗಿಸಿ ಬಿಚ್ಚಲಾಗದ ಯಾವುದರಿಂದಲೂ ಹಿಡಿಸತಕ್ಕದ್ದಲ್ಲವೆಂದು ಈ ಮೂಲಕ ಅವನಿಗೂ ನಾಲ್ಕೂ ತಾಲೂಕುಗಳ ಸಮಸ್ತ ಮನೆಯವರಿಗೂ ತಿಳಿಯಪಡಿಸಲಾಗಿದೆ. ಗೌರೀಶನಿಗೆ ಗಂಡುಮಕ್ಕಳಿಬ್ಬರು.

ಸಹಿ/-
ಆದಪ್ಪ
ಶಾಖಾಧಿಕಾರಿ (ಪ್ರಭಾರ)
ಅಂಟು ಮತ್ತು ಬಿಡಿಸುವಿಕೆ ಶಾಖೆ, ಜಮಖಂಡಿ

ಪ್ರತಿಗಳು:

1. ನಾಲ್ಕೂ ತಾಲೂಕುಗಳ ಎಲ್ಲ ಹಾರ್ಡ್‌ವೇರ್ ಅಂಗಡಿಗಳಿಗೆ, ಗಿರಾಕಿ ಅಂಟು ಕೇಳಿದಾಗ ಬೋಲ್ಟನ್ನೂ ತೋರಿಸುವ ಸಲುವಾಗಿ.

2. ವಾಟ್ನಿ ಮಾಡಿದ ಹಿರಿಯರಿಗೆ. ಇನ್ನು ಮುಂದೆ ಚರಾಸ್ತಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದ ನಂತರವೇ ಚಹಾ ಕುಡಿಯತಕ್ಕದ್ದು.

3. ಸಲಹೆ ನೀಡಿದ ನಾಲ್ವರಿಗೆ, ಪ್ರತಿ ಒಂದೇ. ಹಂಚಿಕೊಂಡು ಓದತಕ್ಕದ್ದು.

4. ಜ್ಯಾಕು ಕೊಟ್ಟ ಹುನ್ನೂರಿನ ಟ್ರ್ಯಾಕ್ಟರ್ ಮಾಲೀಕ ಗಂಗಾರಾಮ ಅವರಿಗೆ. ಜ್ಯಾಕು ಮರಳಿ ತಲುಪಿದ ಬಗ್ಗೆ ರಸೀದಿ ಕೊಡುವುದು.

5. ಶ್ರೀಮತಿ ಕಸ್ತೂರೆವ್ವ ಅವರಿಗೆ. 'ಮಗ್ಗಾ ನಿಂದರಸಾಕ ಆಗೂದಿಲ್ಲ, ಓದಿ ಹೇಳು' ಎಂದಿದ್ದರಿಂದ ಪ್ರತಿಯನ್ನು ನಿರೀಕ್ಷಕಿಯವರು ಓದಿದ್ದಾರೆ. ಮಗ್ಗದ ಸಪ್ಪಳದಲ್ಲಿ ಏನೂ ಕೇಳಿಸಿರುವುದಿಲ್ಲ. ಕೇಳಿಸಿದೆ ಎಂದು ಪರಿಗಣಿಸಲಾಗಿದೆ.

6. ಕಚೇರಿ ಕಡತಕ್ಕೆ, ಈ ಷರಾದೊಂದಿಗೆ: ಸೀರೆಯು ಕುಬಸದ ಹಿಂದಿನ ದಿನ ಮುಗಿದಿದೆ. ಕುಬಸದ ದಿನ ಅದನ್ನು ತಲುಪಿಸಲು ಬಂದ ಶಿವಯೋಗಿಯು ಬಾಗಿಲಲ್ಲೇ ಕೊಟ್ಟು ಹಿಂತಿರುಗುತ್ತಿದ್ದಾಗ ಅವನನ್ನು ಒಳಗೆ ಕರೆಯಲಾಗಿದೆ, ಪಂಕ್ತಿಯಲ್ಲಿ ಕೂಡ್ರಿಸಲಾಗಿದೆ, ಎರಡನೇ ಹೋಳಿಗೆಯನ್ನು ಬೇಡವೆಂದರೂ ಬಡಿಸಲಾಗಿದೆ. ಬಡಿಸಿದವನು ಮನೆಯ ಮಾಲೀಕ. ಮರುದಿನದಿಂದ ಮತ್ತೆ ಮಾತಿಲ್ಲ. ಮಗ್ಗ ನಡೆಯುತ್ತಿದೆ. ಕಸ್ತೂರೆವ್ವನ ಊಟ ಹಿರಿಯ ಮಗನ ಮನೆಯಲ್ಲಿ, ಕೆಲಸ ಕಿರಿಯ ಮಗನ ಕೋಣೆಯಲ್ಲಿ. ಈಗ ಅವರು ಊಟಕ್ಕೆ ರಸ್ತೆ ದಾಟಿ ಹೋಗಬೇಕು.